ನಡುನಡುವೆ ನಿಲ್ಲುವ ಕಂಪ್ಯೂಟರು

ಸುವರ್ಣಾವತಿ ಹೊಳೆಯ ದಂಡೆಯಲ್ಲಿ ಮರುಳಯ್ಯನವರದೊಂದು ಚಿಕ್ಕ ಆಶ್ರಮ. ಇಲ್ಲಿಗೆ ಬರುವ ಮುಂಚೆ ಅವರು ಇಪ್ಪತ್ತು ವರ್ಷ ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದವರು.

ಅವರ ಗುರುಗಳು ಗಿಡಮೂಲಿಕೆಗಳ ನಿಘಂಟೊಂದನ್ನು ಕಟ್ಟುತ್ತ ಕಟ್ಟುತ್ತಲೇ ಕಣ್ಣು ಮುಚ್ಚಿದ್ದರು. ಆ ನಿಘಂಟು ಇದ್ದದ್ದು ಒಂದೇ ಕಡೆ, ಹಸಿರು ಅಕ್ಷರ ಮೂಡಿಸುವ ಹಳೇ ಕಂಪ್ಯೂಟರಿನೊಳಗೆ. ಅದರ ಡಿಸ್ಕನ್ನು ಓದಬಲ್ಲ ಬೇರೆ ಯಂತ್ರ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ.

ಇದ್ದಷ್ಟನ್ನು ಫ್ಲಾಪಿಗಳಿಗೆ ಇಳಿಸಿ, ಉಳಿದದ್ದನ್ನು ಬರೆದು ಮುಗಿಸುವ ಕೆಲಸ ಮರುಳಯ್ಯನವರ ಶಿಷ್ಯೆ ದಾಕ್ಷಾಯಣಿಯ ಪಾಲಿಗೆ ಬಂತು. ಪಾಲಿಟೆಕ್ನಿಕ್ಕಿನಲ್ಲಿ ಹತ್ತು ವರ್ಷ ಎಲೆಕ್ಟ್ರಾನಿಕ್ಸ್ ಕಲಿಸಿದವಳು ಅವಳು.

"ಫ್ಲಾಪಿಗೆ ಇಳಿಸೋದಕ್ಕೆ ಒಂದು ವಾರ ಸಾಕು ಬುದ್ಧಿ," ಅಂದಿದ್ದಳು.

ತಿಂಗಳಾಯಿತು. ಕೆಲವು ಬೆಳಿಗ್ಗೆ ಮೂರು ಸಲ ಸ್ವಿಚ್ಚು ಒತ್ತಿದರೂ ಕಂಪ್ಯೂಟರು ಏಳುತ್ತಿರಲಿಲ್ಲ. ಎದ್ದರೂ ಯಾವ ಗಳಿಗೆಯಲ್ಲೋ ಹ್ಯಾಂಗ್ ಆಗಿ ನಿಂತುಬಿಡುತ್ತಿತ್ತು. ಹೀಗೆ ನಿಂತಾಗ ಡಿಸ್ಕೇ ಕೆಟ್ಟುಹೋದರೆ ತೀರಿಹೋದ ಹಿರಿಯ ಗುರುಗಳ ಮೂವತ್ತು ವರ್ಷದ ದುಡಿಮೆ ಇಲ್ಲವಾದಂತೆ.

ಅಡುಗೆಮನೆಯ ಮಿಕ್ಸಿಯೇ ಕರೆಂಟನ್ನು ಕೆಡಿಸುತ್ತಿದೆ ಎಂದು ಅವಳು ತೀರ್ಮಾನಿಸಿದಳು. ಅಡುಗೆಯ ಮಾದಮ್ಮನ ಮೇಲೆ ರೇಗಿ, ಮಿಕ್ಸಿಯ ವೈರು ಕಿತ್ತು ಅಟ್ಟದ ಮೇಲಿಟ್ಟಳು. ಮಾದಮ್ಮ ರುಬ್ಬುಗುಂಡಿನ ಮುಂದೆ ಕೂತಳು.

ಕಂಪ್ಯೂಟರು ಆಮೇಲೂ ನಿಲ್ಲುತ್ತಲೇ ಇತ್ತು.

ಒಂದು ಮಧ್ಯಾಹ್ನ ದಾಕ್ಷಾಯಣಿ ಮೆಮೊರಿ ಬದಲಿಸಿದಳು, ಕೇಬಲ್ ಬದಲಿಸಿದಳು, ಡಿಸ್ಕಿನ ಕಾರ್ಡನ್ನೂ ಬದಲಿಸಿದಳು. ಕಂಪ್ಯೂಟರು ಸಂಜೆಯವರೆಗೆ ನಿಲ್ಲದೆ ಓಡಿತು. ಅವಳು ಓಡಿಹೋಗಿ ಗುರುಗಳಿಗೆ ಹೇಳಿದಳು.

"ಮೂರರಲ್ಲಿ ಯಾವುದರಿಂದ ಸರಿಹೋಯಿತು?" ಎಂದರು ಮರುಳಯ್ಯನವರು.

"ಗೊತ್ತಿಲ್ಲ ಬುದ್ಧಿ."

ಮಾರನೇ ದಿನ ಅದು ಮತ್ತೆ ನಿಂತಿತು.

"ಈಗ ಮೂರರಲ್ಲಿ ಯಾವುದರಿಂದ ಕೆಟ್ಟಿತು?"

ಅವಳು ಸ್ಕ್ರೂಡ್ರೈವರನ್ನು ಕೆಳಗಿಟ್ಟಳು.

"ಎಲ್ಲವನ್ನೂ ಮೊದಲಿದ್ದ ಹಾಗೇ ಇಡು," ಅಂದರು ಮರುಳಯ್ಯನವರು. "ಮೂರು ದಿನ ಯಾವುದನ್ನೂ ರಿಪೇರಿ ಮಾಡಬೇಡ. ನಿಂತಾಗಲೆಲ್ಲ ಬರೆದಿಡು."

"ಏನಂತ ಬರೆಯಲಿ?"

"ಆಗ ಏನೇನು ನಡೆಯುತ್ತಿತ್ತೋ ಅದನ್ನು. ನಿನಗೆ ಏನನ್ನಿಸಿತೋ ಅದನ್ನಲ್ಲ."

ಡಿಸ್ಕಿನ ಗೊಡವೆಗೆ ಹೋಗದೆ, ಖಾಲಿ ಫ್ಲಾಪಿಗಳನ್ನಷ್ಟೇ ತಿರುಗಿಸುತ್ತ ಅವಳು ಬರೆದಿಟ್ಟಳು. ಮೂರು ದಿನದಲ್ಲಿ ಹನ್ನೊಂದು ಸಲ ತೊಂದರೆಯಾಗಿತ್ತು. ಮೂರು ಸಲ ಬೆಳಗಿನ ಮೊದಲ ಸ್ವಿಚ್ಚಿಗೇ. ಏಳು ಸಲ ಫ್ಲಾಪಿ ಗಿರ್ರೆಂದು ತಿರುಗಲು ಶುರುಮಾಡಿದ ಕೂಡಲೇ. ಒಂದು ಸಲ ಸುಮ್ಮನಿದ್ದಾಗ. ಆ ಮೂರೂ ದಿನ ಮಿಕ್ಸಿ ಅಟ್ಟದ ಮೇಲೇ ಇತ್ತು.

ದಾಕ್ಷಾಯಣಿ ಪುಸ್ತಕ ಮುಚ್ಚಿ, ಅಟ್ಟ ಹತ್ತಿ ಮಿಕ್ಸಿ ಇಳಿಸಿಕೊಂಡು ಅಡುಗೆಮನೆಗೆ ಹೋದಳು.

"ಮಾದಮ್ಮ, ತಪ್ಪು ನನ್ನದು. ಸುಮ್ಮನೆ ನಿಮ್ಮ ಮೇಲೆ ರೇಗಿದೆ."

ಮಾದಮ್ಮ ತೋಳು ನೀವಿಕೊಂಡು ನಕ್ಕಳು. "ಕಲ್ಲಲ್ಲಿ ರುಬ್ಬಿದ ಚಟ್ನಿನ ಎಲ್ಲರಿಗಿಂತ ಜಾಸ್ತಿ ತಿಂದೋರು ನೀವೇ ಕಣವ್ವ. ನಾಳೆಯಿಂದ ಅದು ಸಿಕ್ಕಲ್ಲ, ನೋಡ್ಕೊಳಿ!"

ಫ್ಲಾಪಿ ತಿರುಗುವಾಗ ನಿಲ್ಲುತ್ತದೆ ಅಂದರೆ ಕರೆಂಟು ಸಾಲುತ್ತಿಲ್ಲ ಅಂತಲೇ ಅರ್ಥ. ದಾಕ್ಷಾಯಣಿ ಕರೆಂಟು ಒದಗಿಸುವ ಪವರ್ ಸಪ್ಲೈನ ಡಬ್ಬಿಯನ್ನು ಕಂಪ್ಯೂಟರಿನಿಂದ ಕಳಚಿ, ಮೇಜಿನ ಮೇಲಿಟ್ಟು, ಮೀಟರು ಹಿಡಿದು ಅಳೆದಳು. ಐದು ವೋಲ್ಟು ಇರಬೇಕಾದ ಕಡೆ ಸರಿಯಾಗಿ ಐದೇ ಇತ್ತು.

"ಬುದ್ಧಿ, ಪವರ್ ಸಪ್ಲೈ ಚೆನ್ನಾಗಿದೆ," ಎಂದಳು ಸಪ್ಪಗೆ.

ಮರುಳಯ್ಯನವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. "ನೀನು ಹೇಗಿದ್ದೀಯವ್ವ?" ಅಂದರು.

"ಚೆನ್ನಾಗಿದ್ದೇನೆ."

"ಹಾಗಾದರೆ ಆ ಎರಡು ಕೊಡ ನೀರು ಮೇಲಕ್ಕೆ ತೆಗೆದುಕೊಂಡು ಹೋಗು."

ಅವಳು ಕೈಗೊಂದು ಕೊಡ ಹಿಡಿದು ಹತ್ತಿದಳು. ಮೂವತ್ತನೇ ಮೆಟ್ಟಿಲಿಗೆ ಉಸಿರು ಮೇಲೆ ಬಂತು, ಹೆಜ್ಜೆ ಭಾರವಾಯಿತು.

ಕೆಳಗಿನಿಂದ ಗುರುಗಳು ಕೂಗಿದರು: "ಈಗ ಹೇಗಿದ್ದೀಯವ್ವ?"

ಅವಳು ಅಲ್ಲೇ ನಿಂತಳು. ಆಮೇಲೆ ಕೊಡಗಳನ್ನು ಮೆಟ್ಟಿಲ ಮೇಲೆಯೇ ಇಳಿಸಿ ಕೋಣೆಗೆ ಓಡಿದಳು.

ಡಬ್ಬಿಯನ್ನು ಕಂಪ್ಯೂಟರಿಗೆ ಮತ್ತೆ ಜೋಡಿಸಿ, ಫ್ಲಾಪಿ ತಿರುಗಿಸುವ ಹೊರೆ ಅದರ ಮೇಲಿರುವಾಗಲೇ ಅಳೆದಳು. ಮೀಟರಿನ ಮುಳ್ಳು ಐದರಿಂದ ನಾಲ್ಕೂವರೆಗೆ ಕುಸಿಯಿತು.

ಪ್ಲಗ್ ಕಿತ್ತು, ಒಳಗೆ ಉಳಿದ ವಿದ್ಯುತ್ತನ್ನು ಗುರುಗಳು ಹೇಳಿದ ಹಾಗೆ ಇಳಿಸಿ, ಡಬ್ಬಿ ಬಿಚ್ಚಿದಳು. ಕರೆಂಟನ್ನು ಹಿಡಿದಿಟ್ಟು ಸಮವಾಗಿ ಕೊಡಬೇಕಾದ ನಾಲ್ಕು ಕೆಪಾಸಿಟರುಗಳ ತಲೆ ಪೂರಿಯಂತೆ ಉಬ್ಬಿತ್ತು. ಬುಡದಲ್ಲಿ ಕಂದು ಕಲೆ. ಪೇಟೆಯಿಂದ ಹೊಸವನ್ನು ತರಿಸಿದರು. ಮರುಳಯ್ಯನವರ ಕೈ ನಡುಗುತ್ತಿತ್ತು, ಅದಕ್ಕೆ ಬೆಸುಗೆಯನ್ನು ಅವಳೇ ಹಾಕಿದಳು. ಅವರು ಕನ್ನಡಕ ಏರಿಸಿಕೊಂಡು ದೀಪ ಹಿಡಿದರು.

ಮೊದಲ ಸಲಕ್ಕೇ ಕಂಪ್ಯೂಟರು ಎದ್ದಿತು. ಎರಡು ದಿನ ಓಡಿತು. ಮೂರನೇ ದಿನ ಸುಮ್ಮನಿದ್ದಾಗಲೇ ಒಂದು ಸಲ ನಿಂತಿತು.

ದಾಕ್ಷಾಯಣಿಗೆ ಅಳುವೇ ಬಂತು. "ದೋಷ ಸಿಕ್ಕಿತ್ತಲ್ಲ ಬುದ್ಧಿ!"

"ಒಂದು ಸಿಕ್ಕಿತ್ತು. ಒಂದೇ ಇರುತ್ತದೆ ಅಂತ ನಿನಗೆ ಹೇಳಿದವರು ಯಾರು?"

ಅವಳು ಪುಸ್ತಕ ತೆರೆದಳು. ಏಳು, ಮೂರು, ಮತ್ತೆ ಒಂದು. ಆ ಒಂದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಈ ಸಲ ಆತುರಪಡದೆ, ಸಾಕೆಟ್ಟಿನಲ್ಲಿ ಕೂತಿದ್ದ ಚಿಪ್‌ಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಒಂದರ ಕಾಲುಗಳು ಕಿಲುಬು ಹಿಡಿದು ಕಪ್ಪಾಗಿದ್ದವು; ಸಂಪರ್ಕ ಆಗಾಗ ತಪ್ಪುತ್ತಿದ್ದದ್ದು ಅಲ್ಲೇ. ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಒತ್ತಿ ಕೂರಿಸಿದಳು. ಬೇರೇನನ್ನೂ ಮುಟ್ಟಲಿಲ್ಲ.

ಹಿರಿಯ ಗುರುಗಳು ಬರೆದಿದ್ದಷ್ಟೂ ಹತ್ತೊಂಬತ್ತು ಫ್ಲಾಪಿಗಳಿಗೆ ಇಳಿಯಿತು; ಇನ್ನು ಉಳಿದ ಭಾಗವನ್ನು ಬರೆಯುವುದಷ್ಟೇ ಬಾಕಿ. ಮಾದಮ್ಮ ಅವತ್ತು ಪಾಯಸ ಮಾಡಿದಳು.

ಅದಾಗಿ ನಾಲ್ಕನೇ ದಿನ ಮರುಳಯ್ಯನವರು ಕೋಣೆಗೆ ಬಂದರು. ದಾಕ್ಷಾಯಣಿ ಕಂಪ್ಯೂಟರಿನ ಮುಂದೆ ಕಣ್ಣು ಮಿಟುಕಿಸದೆ ಕೂತಿದ್ದಳು. ಎರಡು ಕೈಗಳೂ ಮಡಿಲಲ್ಲಿದ್ದವು.

"ಏನು ಮಾಡುತ್ತಿದ್ದೀಯವ್ವ?"

"ಕಾಯುತ್ತಿದ್ದೇನೆ ಬುದ್ಧಿ. ಮತ್ತೆ ಎಲ್ಲಿ ನಿಂತುಬಿಡುತ್ತದೋ ಅಂತ."

"ಎಷ್ಟು ದಿನದಿಂದ?"

"ನಾಲ್ಕು ದಿನದಿಂದ."

"ನಿಂತಿತೇ?"

"ಇಲ್ಲ."

ಮರುಳಯ್ಯನವರು ಪರದೆಯನ್ನು ನೋಡಿದರು. ಅವಳ ಕೈಗಳನ್ನು ನೋಡಿದರು.

"ಅದು ನಡೆಯುತ್ತಲೇ ಇದೆಯಲ್ಲವ್ವ," ಅಂದರು. "ನೀನು ಯಾಕೆ ನಿಂತೆ?"