ಹಾಡುವಾಕೆ ಕೂತ ಜಾಗ

ಕುಮುದಿನಿ ಟೀಚರ ಹಜಾರದಲ್ಲಿ ಎರಡು ಸ್ಪೀಕರುಗಳಿದ್ದವು. ಹಾಡುವಾಕೆ ಇರುವುದು ತನ್ನೊಳಗೇ ಎಂದು ಎರಡೂ ಹಟ ಹಿಡಿದಿದ್ದವು. ಜಗಳ ಬಗೆಹರಿಯದೆ ಕೊನೆಗೆ ಮನೆಯ ಬೆಕ್ಕನ್ನು ಕರೆದವು.

"ಆಕೆ ಯಾರ ಬಳಿ ಇದ್ದಾಳೋ ನೀನೇ ಹಾಡು ಕೇಳಿ ಹೇಳು. ಸೋತವರು ಇನ್ನು ಮೇಲೆ ಬಾಯಿ ತೆರೆಯಕೂಡದು."

ಅಷ್ಟರಲ್ಲಿ ಟೀಚರು ಹಾಡು ಹಾಕಿ ಅಡುಗೆಮನೆಗೆ ಹೋದರು. ಬೆಕ್ಕು ಎಡಗಡೆಯ ಸ್ಪೀಕರಿಗೆ ಮೈ ಉಜ್ಜಿಕೊಂಡು ಕೂತಿತು.

"ಆಕೆ ಇಲ್ಲೇ ಇದ್ದಾಳೆ."

"ನಾನು ಹೇಳಲಿಲ್ಲವೇ?" ಎಂದು ಎಡಗಡೆಯದು ಬೀಗಿತು.

ಬೆಕ್ಕು ಎದ್ದು ಬಲಗಡೆಯ ಸ್ಪೀಕರಿನ ಮುಂದೆ ಕೂತಿತು. "ಈಗ ಇಲ್ಲಿದ್ದಾಳಲ್ಲ."

"ಮೊದಲಿನಿಂದಲೂ ಇಲ್ಲೇ ಇರುವುದು," ಎಂದಿತು ಬಲಗಡೆಯದು.

ಇಬ್ಬರ ಗದ್ದಲಕ್ಕೆ ಬೇಸತ್ತು ಬೆಕ್ಕು ಹಿಂದಕ್ಕೆ ಸರಿಯಿತು. ಎಡಕ್ಕೂ ಬಲಕ್ಕೂ ಸಮದೂರವಾದ ಒಂದು ಜಾಗದಲ್ಲಿ ಅದರ ಕಿವಿಗಳು ನೆಟ್ಟಗಾದವು. ಸ್ಪೀಕರುಗಳ ನಡುವಿನ ಖಾಲಿ ಜಾಗವನ್ನೇ ನೋಡುತ್ತ ಅದು ಅಲ್ಲೇ ಕೂತುಬಿಟ್ಟಿತು.

"ಅಷ್ಟು ದೂರ ಯಾಕೆ ಹೋದೆ? ತೀರ್ಪು ಹೇಳು," ಎಂದವು ಎರಡೂ.

"ಮೆಲ್ಲಗೆ ಮಾತಾಡಿ. ಆಕೆ ನಿಮ್ಮಿಬ್ಬರ ನಡುವೆ ಕೂತು ಹಾಡುತ್ತಿದ್ದಾಳೆ."

"ನಮಗೆ ಕಾಣುತ್ತಿಲ್ಲವಲ್ಲ."

"ಇಲ್ಲಿ ಕೂತವರಿಗೆ ಮಾತ್ರ ಕಾಣುವುದು. ನಿಮ್ಮಲ್ಲಿ ಒಬ್ಬರು ಬಾಯಿ ಮುಚ್ಚಿದರೂ ಆಕೆ ಅಲ್ಲಿಂದ ಎದ್ದು ಹೋಗುತ್ತಾಳೆ," ಎಂದು ಬೆಕ್ಕು ಸುಖವಾಗಿ ಕಣ್ಣು ಮುಚ್ಚಿತು.

ಎರಡೂ ಜೊತೆಯಾಗಿ ಹಾಡು ಮುಂದುವರಿಸಿದವು. ಆಮೇಲೆ ಎಡಗಡೆಯದು ಬಲಗಡೆಯದಕ್ಕೆ ಪಿಸುಗುಟ್ಟಿತು:

"ಒಂಚೂರು ಆಚೆ ಸರಿ ಮಾರಾಯ. ಪಾಪ, ಆಕೆಗೆ ಇಕ್ಕಟ್ಟಾಗುತ್ತಿದೆಯೋ ಏನೋ."