ಜಪಾನಿನ ಹಾಯಿಕಂಬ ಏರಿದ ಜಟ್ಟ

ಮರವಂತೆಯಲ್ಲಿ ಜಟ್ಟ ಅಂತ ಒಬ್ಬನಿದ್ದ. ಅವನಿಗೆ ಮೈ ಕೊಟ್ಟ ದೇವರು ಬುದ್ಧಿ ಕೊಡುವ ಹೊತ್ತಿಗೆ ಬೇರೆಲ್ಲೋ ನೋಡುತ್ತಿದ್ದ. ಊರಿನ ದೋಣಿಯವರೆಲ್ಲ ಅವನನ್ನು ಹತ್ತಿಸಿಕೊಂಡು, ಒಂದೊಂದೇ ದಿನಕ್ಕೆ ಇಳಿಸಿಬಿಟ್ಟಿದ್ದರು. ಜಟ್ಟನ ಹಟ ಮಾತ್ರ ಒಂದೇ, ನಾವಿಕನಾಗಬೇಕು. ಅಷ್ಟರಲ್ಲಿ ಹಡಗಿನ ಕೆಲಸ ಕಲಿಸುವ ಜಪಾನಿನ ಹಾಯಿಹಡಗೊಂದು ನಮ್ಮ ಕಡೆಯ ಹುಡುಗರನ್ನೂ ಸೇರಿಸಿಕೊಂಡಿತು. ಜಟ್ಟ ಗಂಟು ಕಟ್ಟಿದ.

ಅವನ ತಾಯಿ ಗಿರ್ಜಿ ಹಣೆ ಚಚ್ಚಿಕೊಂಡಳು. "ಮಗಾ, ಇಲ್ಲಿಂದ್ಲೂ ಇಳ್ಸಿರೆ ನಿನ್ನ ಹತ್ಸ್ಕಂಬು ದೋಣಿ ಮತ್ತೊಂದಿಲ್ಲ. ನಿನ್ನ ತಲೆ ಓಡ್ಸ್ಬೇಡ. ಹೇಳ್ದಷ್ಟೇ ಮಾಡ್."

"ಆಯ್ತ್ ಅಬ್ಬಿ. ಹೇಳ್ದಷ್ಟೇ ಮಾಡ್ತೆ."

ಹಡಗಿನಲ್ಲಿ ನಮ್ಮ ಹುಡುಗರಿಗೆ ಕಲಿಸಲು ನಮ್ಮವನೇ ಒಬ್ಬ ತಾಂಡೇಲ, ಅಂದರೆ ನಾವಿಕರ ಮುಖಂಡ, ಇದ್ದ; ಹೆಸರು ಹೆರಿಯ. ಅಲ್ಲಿ ಬೆಳಗಾದರೆ ಎಲ್ಲರೂ ಬರಿಗಾಲಲ್ಲಿ ಸಾಲಾಗಿ ಕೂತು, ಅರ್ಧ ತೆಂಗಿನ ಸಿಪ್ಪೆ ಹಿಡಿದು ಮರದ ಡೆಕ್ಕು ಉಜ್ಜಬೇಕು. ತಾಂಡೇಲ ಜಟ್ಟನ ಕೈಗೆ ಸಿಪ್ಪೆ ಕೊಟ್ಟು, "ನಾ ಸಾಕ್ ಅಂಬಲ್ಲಿವರೆಗೆ ಮರ ಉಜ್ಜ್" ಅಂದ. ಅಂದವನು ತಿಂಡಿಗೆ ಹೋದ.

ಜಟ್ಟ ಉಜ್ಜಿದ. ಡೆಕ್ಕು ಮುಗಿಯಿತು, ಮೆಟ್ಟಿಲು ಉಜ್ಜಿದ. ಮೆಟ್ಟಿಲು ಮುಗಿಯಿತು, ಬಾಗಿಲು ಉಜ್ಜಿದ. ಬಾಗಿಲು ತೆರೆಯಿತು, ಒಳಗೆ ಕಪ್ತಾನರು ಉಣ್ಣುತ್ತಿದ್ದ ಮೇಜು ಉಜ್ಜಿದ. ತಟ್ಟೆ ಮೀನಿನ ಸಮೇತ ನೆಲಕ್ಕೆ ಹೋಯಿತು. ಕೆಲಸ ನಿಲ್ಲಿಸುವ ಗಂಟೆ ಹೊಡೆದು ಎಷ್ಟೋ ಹೊತ್ತಾಗಿತ್ತು, ತಾಂಡೇಲ ಓಡಿ ಬಂದ.

"ಹ್ವಾಯ್ ಪೆದ್ದ, ಗಂಟಿ ಕೇಣೂದಿಲ್ಯಾ ನಿಂಗೆ? ಗಂಟಿ ಹೊಡ್ದ್ ಕೂಡ್ಲೆ ಕೈಯಗಿದ್ದದ್ ಬಿಡ್ಕ್."

"ಆಯ್ತ್ ತಾಂಡೇಲ್ರೆ. ಬಿಡ್ತೆ."

ಮರುದಿನ ಹತ್ತು ಜನ ಹಗ್ಗ ಜಗ್ಗಿ ದೊಡ್ಡ ಹಾಯಿ ಏರಿಸುತ್ತಿದ್ದರು. ಗಟ್ಟಿ ಆಳು ಅಂತ ಜಟ್ಟನನ್ನು ಹಗ್ಗದ ತುದಿಗೆ ನಿಲ್ಲಿಸಿದ್ದರು. ಹಾಯಿ ಅರ್ಧ ಏರಿತ್ತು, ಗಂಟೆ ಹೊಡೆಯಿತು. ಜಟ್ಟ ಬಿಟ್ಟ. ಹಾಯಿ ಸರ್ರನೆ ಇಳಿಯಿತು, ಉಳಿದ ಒಂಬತ್ತು ಜನ ಒಬ್ಬರ ಮೇಲೊಬ್ಬರು ಬಿದ್ದರು.

"ಬಿಡೂಕಾಗ ಮಾರಾಯ, ಸತ್ರೂ ಬಿಡೂಕಾಗ. ಒಂದ್ ಕೈ ಯಾವತ್ತೂ ಹಡಗನ್ನ ಹಿಡ್ಕಂಡಿರ್ಕ್."

"ಆಯ್ತ್ ತಾಂಡೇಲ್ರೆ. ಹಿಡ್ಕಂತೆ."

ಮೂರನೆಯ ದಿನ ಸಾರು ಒಯ್ಯುವ ಸರದಿ ಜಟ್ಟನದು. ಎರಡು ಕಿವಿಯ ದೊಡ್ಡ ಪಾತ್ರೆ. ಒಂದು ಕೈಯಲ್ಲಿ ಹಡಗಿನ ಕಟಕಟೆ ಹಿಡಿದ, ಇನ್ನೊಂದರಲ್ಲಿ ಪಾತ್ರೆಯ ಒಂದು ಕಿವಿ. ಎದುರಿಗೆ ಬಿಳಿ ಬಟ್ಟೆಯ ಕಪ್ತಾನರು ಬಂದರು. ಪಾತ್ರೆ ವಾಲಿತು.

"ಇನ್ನೊಂದ್ ಕೈ ಹಾಕೋ," ಅಂತ ತಾಂಡೇಲ ಕೂಗಿದ.

"ಅದ್ ಹಡಗಿನ ಕೈ ತಾಂಡೇಲ್ರೆ," ಅಂದ ಜಟ್ಟ. ಸಾರೆಲ್ಲ ಕಪ್ತಾನರ ಮೈಮೇಲಾಯಿತು.

ಕೋಬೆ ಬಂದರಿನಲ್ಲಿ ಇವನನ್ನು ಇಳಿಸಿ ಊರಿಗೆ ಕಳಿಸಿ ಅಂದರು ಕಪ್ತಾನರು. ಹೇಳಿದ್ದನ್ನೆಲ್ಲ ಮಾಡಿದ್ದೇನೆ, ಆದರೂ ಇಳಿಸುತ್ತಾರೆ ಅಂತ ಜಟ್ಟನಿಗೆ ಅಳು ಬಂತು. ಅತ್ತು ಮುಗಿಸಿ ಮನಸ್ಸು ಗಟ್ಟಿ ಮಾಡಿಕೊಂಡ. ಇನ್ನು ಹೇಳಿದ ಮಾತಿನಲ್ಲಿ ಕೂದಲೆಳೆಯಷ್ಟೂ ತಪ್ಪಬಾರದು.

ಬಂದರು ಬಿಡುವಾಗ ಆ ಹಡಗಿನದೊಂದು ಪದ್ಧತಿ. ಹುಡುಗರೆಲ್ಲ ಹಾಯಿಕಂಬ ಹತ್ತಿ, ಅಡ್ಡಮರದ ಮೇಲೆ ಸಾಲಾಗಿ ನಿಂತು, ದಡದವರಿಗೆ ಟೋಪಿ ತೆಗೆದು 'ಗೊಕಿಗೆನ್ಯೋ', ಅಂದರೆ ಚೆನ್ನಾಗಿರಿ, ಅಂತ ಮೂರು ಸಲ ಕೂಗಬೇಕು. ಕೋಬೆಯಲ್ಲಿ ಹೊರಡುವ ಮೊದಲು ಅದರ ಅಭ್ಯಾಸವಿತ್ತು. ಜಟ್ಟನ ಮುಖ ನೋಡಿ ತಾಂಡೇಲನಿಗೆ ಕನಿಕರವಾಯಿತು.

"ಅಭ್ಯಾಸಕ್ಕೊಂದ್ ಸಲ ನೀನೂ ಹತ್ತ್. ದಡದಗೆ ಯಾರ್ ಕೈ ಬೀಸಿರೂ ಟೋಪಿ ತೆಗ್ದ್ ಕೂಗ್. ನಾ ಬಂದ್ ಇಳಿ ಅಂಬಲ್ಲಿವರೆಗೆ ಇಳೀಬೇಡ, ಬಿದ್ದ್ ಸಾಯ್ತೆ. ನಾ ಹೋಯಿ ನಿನ್ನ ಟಿಕೇಟ್ ತತ್ತೆ."

ಅಭ್ಯಾಸ ಮುಗಿಯಿತು. ಎಲ್ಲರೂ ಇಳಿದರು, ಜಟ್ಟ ಇಳಿಯಲಿಲ್ಲ. ಜೊತೆಯ ಹುಡುಗರು ಕರೆದರು, ಇಳಿಯಲಿಲ್ಲ. ಕಪ್ತಾನರೇ ಕರೆದರು, ಇಳಿಯಲಿಲ್ಲ. "ತಾಂಡೇಲ್ರ್ ಬಂದ್ ಹೇಳ್ಲಿ," ಅಂದ. ತಾಂಡೇಲ ಇನ್ನೂ ಟಿಕೇಟಿನ ಸಾಲಿನಲ್ಲಿದ್ದ. ಹೊರಡುವ ಹೊತ್ತಾಯಿತು. ಹೊತ್ತು ಅಂದರೆ ಹೊತ್ತು, ಆ ಕಪ್ತಾನರು ಯಾರಿಗೂ ಕಾಯುವವರಲ್ಲ. ಹಗ್ಗ ಬಿಚ್ಚಿಸಿದರು.

ಹಡಗು ದೂರವಾದ ಮೇಲೆ ತಾಂಡೇಲ ಏದುಸಿರು ಬಿಡುತ್ತ, ಹಡಗು ಕಟ್ಟಿದ್ದ ದಕ್ಕೆಗೆ ಓಡಿ ಬಂದ. ಟಿಕೇಟು ಹಿಡಿದ ಕೈ ಬೀಸಿದ, ಖಾಲಿ ಕೈಯನ್ನೂ ಬೀಸಿದ. ಗಂಟಲು ಹರಿಯುವಂತೆ ಕೂಗಿದ್ದೆಲ್ಲ ಗಾಳಿಯ ಪಾಲಾಯಿತು.

ಮೇಲಿಂದ ಜಟ್ಟ ನೋಡಿದ. ಬೆನ್ನು ನೆಟ್ಟಗೆ ಮಾಡಿದ, ಟೋಪಿ ತೆಗೆದ, ಇದ್ದ ಉಸಿರನ್ನೆಲ್ಲ ಸೇರಿಸಿ "ತಾಂಡೇಲ್ರೆ, ಗೊಕಿಗೆನ್ಯೋ!" ಅಂತ ಕೂಗಿದ. ಒಂದು ಸಲವಲ್ಲ, ಎರಡು ಸಲವಲ್ಲ, ಸರಿಯಾಗಿ ಮೂರು ಸಲ. ಆಮೇಲೆ ಟೋಪಿ ಹಾಕಿಕೊಂಡು, ತಾಂಡೇಲ ಬಂದು ಇಳಿ ಅನ್ನಲಿ ಅಂತ ಕಾಯುತ್ತ ಅಲ್ಲೇ ನಿಂತ.