ಬೀಗದ ಓಬಯ್ಯ

ಬಹಳ ಹಿಂದಿನ ಮಾತು, ಇಸವಿ ಗಿಸವಿ ಕೇಳಬೇಡಿ. ಗುಂಜಿಗನೂರು ಅಂತ ಒಂದು ಊರು. ಊರ ಪಕ್ಕದ ದಿಬ್ಬದ ಮೇಲೆ ಪುರಸಭೆಯವರ ನೀರಿನ ಟ್ಯಾಂಕು. ಅದನ್ನು ನೋಡಿಕೊಳ್ಳುತ್ತಿದ್ದವನು ನೀರುಗಂಟಿ ಓಬಯ್ಯ. ಪೈಪಿಗೆ ಕಿವಿಯಿಟ್ಟು, ಯಾವ ಕೇರಿಯಲ್ಲಿ ಯಾರ ಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ ಅಂತ ಹೇಳುತ್ತಿದ್ದನಂತೆ. ಕಂಬ ತಬ್ಬಿಕೊಂಡೇ ಮೇಲೆ ಹತ್ತುತ್ತಿದ್ದ ಅಂತಲೂ ಅಂತಾರೆ. ಹೇಳುವವರಿಗೇನು, ಹೇಳುತ್ತಾರೆ. ಅವನೂ ಎಲ್ಲರ ಹಾಗೆ ಏಣಿಯ ಮೇಲೇ ಹತ್ತುತ್ತಿದ್ದ.

ಆ ಊರಲ್ಲಿ ಮದುವೆಯಾದ ಹೆಣ್ಣು ಗಂಗೆಪೂಜೆ ಮಾಡದೆ ಗಂಡನ ಮನೆಗೆ ಹೋಗುವಂತಿಲ್ಲ. ಬಾವಿ ಇದ್ದಾಗ ಬಾವಿಗೆ ಮಾಡಿದರು. ಬಾವಿ ಬತ್ತಿ ಟ್ಯಾಂಕು ಬಂದ ಮೇಲೆ, ಗಂಗಮ್ಮ ಈಗ ಅಲ್ಲಿದ್ದಾಳೆ ಅಂತ ಟ್ಯಾಂಕಿಗೇ ಹತ್ತಿದರು. ಮದುವಣಗಿತ್ತಿ ನೆರಿಗೆ ಎತ್ತಿ ಕಟ್ಟಿಕೊಂಡು ತುಕ್ಕು ಹಿಡಿದ ಏಣಿ ಏರುವುದು, ಅರಿಸಿನ, ಕುಂಕುಮ, ಹೂವು, ವೀಳ್ಯದೆಲೆ, ಹಸಿರು ಬಳೆ, ಎಲ್ಲವನ್ನೂ ಮೇಲಿಂದ ನೀರಿಗೆ ಬಿಡುವುದು. ಲಗ್ನದ ತಿಂಗಳಲ್ಲಿ ನಲ್ಲಿಗಳಲ್ಲಿ ಹಳದಿ ನೀರು ಬರುತ್ತಿತ್ತಂತೆ. ಅದನ್ನೂ ತೀರ್ಥ ಅಂತ ಕುಡಿದರು, ಪುಣ್ಯಾತ್ಮರು!

ಒಂದು ಸಲ ಹೀಗೆ ಹತ್ತುವಾಗ ಏಣಿಯ ಕಂಬಿ ಮುರಿಯಿತು. ಕೆಳಗಿದ್ದ ಓಬಯ್ಯ ಹೆಗಲು ಕೊಟ್ಟಿದ್ದರಿಂದ ಹುಡುಗಿ ಉಳಿದಳು. ಅದಾದ ಕೆಲವೇ ದಿನಕ್ಕೆ ಅರ್ಧ ಊರಿಗೆ ವಾಂತಿಭೇದಿ ಹಿಡಿಯಿತು. ಆಗ ಪುರಸಭೆಯವರು ಸಭೆ ಕರೆದರು, ಓಬಯ್ಯನನ್ನೂ ಕರೆದರು. ಟ್ಯಾಂಕು ಪೂರ್ತಿ ಖಾಲಿ ಮಾಡಿ ತಳದ ಕೆಸರು ತೆಗೆಯಬೇಕು, ಒಳಗೆ ಗಿಲಾವು ಮಾಡಿಸಬೇಕು, ಬಾಯಿಗೆ ಮುಚ್ಚಳ ಕೂರಿಸಬೇಕು, ಏಣಿಯ ಮುರಿದ ಕಂಬಿ ಬದಲಿಸಬೇಕು, ಸುತ್ತ ಬೇಲಿ, ಬೇಲಿಗೆ ಗೇಟು, ಗೇಟಿಗೆ ಬೀಗ ಅಂತ ಅವನು ಹೇಳಿದ. ಎಲ್ಲಕ್ಕೂ ಒಪ್ಪಿದ ಅಧ್ಯಕ್ಷರು ಬೀಗದ ಹತ್ತಿರ ಬಂದು ನಿಂತರು. ಈ ಲಗ್ನಗಳು ಮುಗಿದ ಮೇಲೆ ನೋಡೋಣ ಅಂದರು.

“ಲಗ್ನ ಮುಗಿಯೋ ಊರು ಎಲ್ಲೈತೆ ಸ್ವಾಮಿ?” ಅಂದನಂತೆ ಓಬಯ್ಯ.

ಅಂತೂ ಕೆಲಸ ನಡೆಯಿತು. ಟ್ಯಾಂಕಿನ ತಳದಿಂದ ಬಳೆ ಚೂರು, ಕೊಳೆತ ಎಲೆ, ಸತ್ತ ಪಾರಿವಾಳ ಬುಟ್ಟಿ ಬುಟ್ಟಿ ಬಂದವು ಅಂತಾರೆ. ನೋಡಿದವರು ಮೂಗು ಮುಚ್ಚಿಕೊಂಡರು. ಆದರೂ ಗೇಟಿಗೆ ಬೀಗ ಬಿದ್ದ ದಿನ, ಗಂಗಮ್ಮನನ್ನು ಜೈಲಿಗೆ ಹಾಕಿದ ಅಂತ ಅವನನ್ನೇ ಬೈದರು.

ಬೀಗ ಬಿದ್ದ ಮೇಲಿನ ಲಗ್ನಗಳಲ್ಲಿ ಮೊದಲನೆಯದು ಓಬಯ್ಯನ ಮಗಳು ತಿಪ್ಪಕ್ಕನದೇ. ತಾಯಿಯಿಲ್ಲದ ಮಗು. ಬಂದ ಸಂಬಂಧಗಳೆಲ್ಲ ತಪ್ಪಿ ತಪ್ಪಿ ಕೊನೆಗೆ ಇದೊಂದು ಕೂಡಿ ಬಂದಿತ್ತು. ಧಾರೆ ಮುಗಿಯುತ್ತಲೇ ಗಂಡಿನ ಅಪ್ಪ ಗೇಟು ತೆಗೆಸಿ ಅಂದ. ಮೇಲೆ ಹತ್ತಿ ಪೂಜೆ ಆಗದಿದ್ದರೆ ಸೊಸೆಯನ್ನು ಹೊಸ್ತಿಲು ದಾಟಿಸಿಕೊಳ್ಳುವುದಿಲ್ಲ ಅಂತ ಹಟ ಹಿಡಿದ. ಊರಿನವರಿಗೆ ಅದೇ ಬೇಕಿತ್ತು.

“ಓಬಯ್ಯಾ, ನಿಂಗೆ ಬೀಗ ಬೇಕೋ, ಬೀಗರು ಬೇಕೋ?” ಅಂತ ಚಪ್ಪರದಲ್ಲೇ ನಕ್ಕರು.

ಓಬಯ್ಯನಿಗೆ ನಗು ಬರಲಿಲ್ಲ. ಕೀಲಿ ಅವನ ಸೊಂಟದಲ್ಲೇ ಇತ್ತು. ಮಗಳಿಗೆ ತೆಗೆದರೆ ನಾಳೆ ಯಾರಿಗೂ ಇಲ್ಲ ಅನ್ನುವಂತಿಲ್ಲ. ತೆಗೆಯದಿದ್ದರೆ ತಾಳಿ ಕಟ್ಟಿಸಿಕೊಂಡ ಮಗಳು ಮನೆಯಲ್ಲೇ ಉಳಿಯುತ್ತಾಳೆ. ಮದುವೆ ಮಂದಿಯ ಜೊತೆ ದಿಬ್ಬ ಹತ್ತಿ ಗೇಟಿನ ಮುಂದೆ ನಿಂತವನು, ಮಗಳ ಮುಖ ನೋಡಲಾರದೆ ನೆಲ ನೋಡಿ, ತೆಗೆಯೋದಿಲ್ಲ ಬೀಗರೆ ಅಂದುಬಿಟ್ಟ.

ಆಗ ತಿಪ್ಪಕ್ಕ ಕಳಶ ಹಿಡಿದುಕೊಂಡೇ ಪಕ್ಕಕ್ಕೆ ನಡೆದಳು. ಬೇಲಿಯ ಹೊರಗೆ ಕೆಲಸದವರು ಕೈಕಾಲು ತೊಳೆಯಲು ಹಾಕಿಸಿದ್ದ ನಲ್ಲಿ ಇತ್ತು. ಅದಕ್ಕೆ ಅರಿಸಿನ ಬಳಿದು ಕುಂಕುಮ ಇಟ್ಟು ಅತ್ತೆಯ ಕಡೆ ತಿರುಗಿದಳು.

“ಅತ್ತೆಮ್ಮಾ, ಗಂಗಮ್ಮ ಮೇಲಿಂದ ಕೆಳಕ್ಕೆ ಇಳಿದು ಬಂದೋಳಲ್ವಾ? ಅವಳು ಬಂದಿಳಿಯೋ ಜಾಗ ಇದೇ ಅಲ್ವಾ? ನಾವ್ಯಾಕೆ ಅವಳ ನೆತ್ತಿ ಮೇಲೆ ಹತ್ತಬೇಕು?”

ಸೊಸೆಯ ಜೊತೆ ಅತ್ತೆಯೂ ಏಣಿ ಏರುವುದು ಆ ಕಾಲದ ಪದ್ಧತಿ. ಆ ಅತ್ತೆಗೋ ಮಂಡಿನೋವು. ಬೆಳಗಿನಿಂದ ಏಣಿಯನ್ನೇ ನೆನೆದು ನಡುಗುತ್ತಿದ್ದ ಹೆಂಗಸು, ಗಂಡ ಬಾಯಿ ತೆರೆಯುವ ಮೊದಲೇ ನಲ್ಲಿಯ ಮುಂದೆ ಕೂತು ಕರ್ಪೂರ ಹಚ್ಚಿದಳು. ನಲ್ಲಿ ತಿರುಗಿಸಿದರೆ ತಿಳಿ ನೀರು, ತಣ್ಣಗೆ, ಕೊಡದ ತಳ ಕಾಣುವ ನೀರು.

ಬೀಗ ಮಾತ್ರ ಮುಖ ಊದಿಸಿಕೊಂಡು ಗೇಟಿನ ಹತ್ತಿರ ಹೋಗಿ, ಸಿಟ್ಟಿಗೆ ಆ ಬೀಗವನ್ನು ಹಿಡಿದು ಜಗ್ಗಿದ. ಅದು ಬರಲಿಲ್ಲ. ಇನ್ನೊಮ್ಮೆ ಜಗ್ಗಿದ. ಆಮೇಲೆ ಓಬಯ್ಯನ ಕಡೆ ನೋಡಿ, ಹೆಣ್ಣನ್ನು ಗಟ್ಟಿ ಮನೆಯಿಂದಲೇ ತಂದಿದ್ದೇನೆ ಅಂದನಂತೆ. ಓಬಯ್ಯ ಹೆಗಲ ಮೇಲಿನ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಓಬಯ್ಯ ಹೋಗಿ ಎಷ್ಟೋ ಕಾಲವಾಯಿತು. ಆ ಟ್ಯಾಂಕಿನ ಗೇಟಿಗೆ ಬೀಗ ಹಾಕಿದೆಯೋ ಇಲ್ಲವೋ ಅಂತ ನೋಡಲು ಗುಂಜಿಗನೂರಿನಲ್ಲಿ ಇವತ್ತಿಗೂ ಯಾರನ್ನೂ ನೇಮಿಸಿಲ್ಲ. ಮದುವೆಯ ದಿನ ಹೆಣ್ಣುಮಕ್ಕಳು ನಲ್ಲಿಗೆ ಪೂಜೆ ಮಾಡುವಾಗ ಬೀಗರಿಬ್ಬರೂ ಒಟ್ಟಿಗೆ ಹೋಗಿ ಗೇಟಿನ ಬೀಗವನ್ನು ಜಗ್ಗಿ ನೋಡುತ್ತಾರೆ. ಗಟ್ಟಿಯಾಗಿದೆ ಅಂತ ಇಬ್ಬರೂ ಕೂಗಿ ಹೇಳಿದ ಮೇಲೆಯೇ ಊಟಕ್ಕೆ ಎಲೆ ಹಾಕುವುದು.